ಧೋಲಾವೀರಾ: ಊರಿಗೆ ಐದು, ಟ್ರಾವೆಲ್ಸ್‌ಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ. ಗುಜರಾತಿನ ಕಚ್ಛ್‌ನಲ್ಲಿರುವ ಈ ಹರಪ್ಪ ಕಾಲದ ಹಾಳು ಊರಿಗೆ ಐದಕ್ಕೆ ಐದು. ನಮ್ಮನ್ನು ಕರೆದುಕೊಂಡು ಹೋದ ಭುಜ್‌ನ ಟ್ರಾವೆಲ್ಸ್‌ನವರಿಗೆ ಒಂದೂವರೆ, ಅದೂ ಕಾರಿನ ಎಸಿ ಚೆನ್ನಾಗಿತ್ತು ಅಂತ.

ಭುಜ್‌ನಿಂದ ಧೋಲಾವೀರಾಕ್ಕೆ ಈಗ ಖಾವ್ಡಾ ಮೇಲೆ ಹೊಸ ರಸ್ತೆ ಇದೆ. ಎರಡೂ ಕಡೆ ಬಿಳಿ ಉಪ್ಪು, ನಡುವೆ ಗೆರೆ ಎಳೆದ ಹಾಗೆ ಡಾಂಬರು. ಸುಮಾರು 130-140 ಕಿ.ಮೀ. ನಮಗೆ ಮಾತು ಕೊಟ್ಟಿದ್ದೂ ಅದೇ ದಾರಿ. ಡ್ರೈವರ್ ಮಾತ್ರ ಭಚಾವ್, ರಾಪರ್ ಸುತ್ತಿಸಿ 200 ಕಿ.ಮೀ. ದಾಟಿಸಿದ. ಕೇಳಿದರೆ, 'ಆ ರೋಡ್ ಮೇಲೆ ನೀರು ನಿಂತಿದೆ ಸಾಬ್' ಅಂದ. ಫೆಬ್ರವರಿಯಲ್ಲಿ! ಬಾಡಿಗೆ ಕಿಲೋಮೀಟರ್ ಲೆಕ್ಕ ಅನ್ನುವುದು ನನಗೆ ತಡವಾಗಿ ಹೊಳೆಯಿತು. ತಲುಪುವಾಗ ಹನ್ನೆರಡೂವರೆ, ನೆತ್ತಿ ಮೇಲೆ ಬಿಸಿಲು, ಒಂದು ಮರದ ನೆರಳಿಲ್ಲ. ಟೋಪಿ ಮರೆಯಬೇಡಿ.

ಅವರ ಪ್ಯಾಕೇಜ್‌ನಲ್ಲಿ ನೋಡಲು ಎರಡೇ ಗಂಟೆ. ಗೈಡ್ ಇಲ್ಲ. ಗೇಟಿನ ಹತ್ತಿರ ಊರಿನವರೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. 1990ರ ದಶಕದಲ್ಲಿ ಪುರಾತತ್ವಜ್ಞ ಆರ್.ಎಸ್. ಬಿಷ್ಟ್ ಅವರ ತಂಡ ಇಲ್ಲಿ ಅಗೆಯುತ್ತಿದ್ದಾಗ ಇವರು ಹುಡುಗ, ಮಣ್ಣಿನ ಬುಟ್ಟಿ ಹೊತ್ತವರು. ಯಾವ ಗೋಡೆ ಯಾವ ವರ್ಷ ಎದ್ದು ಬಂತು ಅಂತ ಬೆರಳು ಮಾಡಿ ತೋರಿಸುತ್ತಾರೆ.

ನಾನು ಸಣ್ಣ ನೀರಾವರಿ ಇಲಾಖೆಯಲ್ಲಿ 31 ವರ್ಷ ಕೆರೆ, ತೂಬು, ಕೋಡಿ ಅಂತ ಓಡಾಡಿದವನು. ಪೂರ್ವದ ಜಲಾಶಯದ ಅಂಚಿಗೆ ಬಂದಾಗ ಕಾಲು ನಿಂತುಬಿಟ್ಟಿತು. 73 ಮೀಟರ್ ಉದ್ದ, 29 ಮೀಟರ್ ಅಗಲ, 10 ಮೀಟರ್ ಆಳ. ಮೂಲೆಯಲ್ಲಿ ಇಳಿಯಲು ಕಲ್ಲಿನ ಮೆಟ್ಟಿಲು, ನಮ್ಮ ಕಲ್ಯಾಣಿಗಳ ಹಾಗೇ. ಊರಿನ ಉತ್ತರಕ್ಕೆ ಮಾನ್‌ಸರ್, ದಕ್ಷಿಣಕ್ಕೆ ಮನ್‌ಹರ್. ಎರಡೂ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ಅವಕ್ಕೆ ಒಡ್ಡು ಹಾಕಿ ನೀರನ್ನು ತಿರುಗಿಸಿದ್ದಾರೆ. ನೆಲದ ಇಳಿಜಾರು ಸುಮಾರು 13 ಮೀಟರ್. ಅದೊಂದನ್ನೇ ನಂಬಿಕೊಂಡು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರು ಇಳಿಸಿದ್ದಾರೆ. ಪಂಪಿಲ್ಲ, ಟೆಂಡರ್ ಇಲ್ಲ. ಕೋಟೆಯೊಳಗಿನ ಮಳೆನೀರಿನ ಚರಂಡಿಯಲ್ಲಿ ಆಳು ನಡೆದುಹೋಗಬಹುದು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಕೆಲಸ ಸ್ವಾಮಿ ಇದು. ನನ್ನ ಕಾಲದಲ್ಲಿ ಕಟ್ಟಿದ ಎರಡು ಚೆಕ್ ಡ್ಯಾಮ್‌ಗಳ ಗತಿ ಇಲ್ಲಿ ಬರೆಯುವುದಿಲ್ಲ.

ನಮ್ಮ ಮನೆಯವರಿಗೆ ಅಲ್ಲಿಯವರೆಗೂ ಬೇಜಾರು. 'ಬರೀ ಕಲ್ಲು ನೋಡೋಕೆ ಇಷ್ಟು ದೂರ ಬಂದ್ವಾ?' ಅನ್ನುತ್ತಲೇ ಇದ್ದರು. ಇಲ್ಲಿ ಮಾತ್ರ ಅವರೇ ಕೇಳಿದರು: 'ಹೂಳು ಯಾರು ತೆಗೀತಿದ್ರಂತೆ?' ನಾನು ಹಿಂದಿಯಲ್ಲಿ ಹೇಳಿದೆ. ಗೇಟಿನ ಹತ್ತಿರ ಸಿಕ್ಕ ಆ ಊರಿನವರು ನಕ್ಕರು. 'ಆಗ ಯಾರು ತೆಗೆದರೋ ಗೊತ್ತಿಲ್ಲ ಅಕ್ಕಾ. ಕೊನೆ ಸಲ ತೆಗೆದವರು ನಾವು.'

ಇಲ್ಲಿ ಸಿಕ್ಕು ಹೆಸರಾದ, ಹರಪ್ಪ ಲಿಪಿಯ ಹತ್ತು ಅಕ್ಷರಗಳ ಫಲಕ ನೋಡುವ ಆಸೆಯಿಂದ ಹೋಗಬೇಡಿ. ಉತ್ತರ ಬಾಗಿಲ ಪಕ್ಕದ ಕೋಣೆಯಲ್ಲಿ ಸಿಕ್ಕ ಜಾಗ ತೋರಿಸುತ್ತಾರೆ, ಅಷ್ಟೇ. ಮರದ ಹಲಗೆ ಮಣ್ಣಾಗಿ, ಜಿಪ್ಸಂ ಚೂರುಗಳು ಮಾತ್ರ ಉಳಿದಿದ್ದವು. ಏನು ಬರೆದಿದೆ ಅಂತ ಇವತ್ತಿಗೂ ಯಾರಿಗೂ ಓದಲಾಗಿಲ್ಲ. ಮ್ಯೂಸಿಯಂ ಚಿಕ್ಕದು, ಆದರೆ ಬಿಡಬೇಡಿ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅನ್ನಲು ಜನಸಂದಣಿಯೇ ಇಲ್ಲ, ಅದೊಂದು ಸುಖ.

ಎರಡು ಗಂಟೆಯಲ್ಲಿ ಅರ್ಧವೂ ಮುಗಿಯಲಿಲ್ಲ. ನಾನು ಹಟ ಹಿಡಿದು ರಾತ್ರಿ ಅಲ್ಲೇ ಉಳಿಸಿದೆ. ಡ್ರೈವರ್ ಮುಖ ಊದಿಸಿಕೊಂಡ, ಬಾಟಾ ಜಾಸ್ತಿ ಕೊಟ್ಟ ಮೇಲೆ ಸರಿಹೋದ. ಉಳಿದುಕೊಂಡಿದ್ದು ಭೂಂಗಾದಲ್ಲಿ, ಅಂದರೆ ಮಣ್ಣಿನ ದುಂಡು ಗುಡಿಸಲು. ಹಗಲಿನ ಬಿಸಿಲಿಗೆ ಒಳಗೆ ತಂಪು, ರಾತ್ರಿ ಮಾತ್ರ ಎರಡು ಕಂಬಳಿ ಬೇಕಾಯಿತು. ಊಟಕ್ಕೆ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ ಪಲ್ಯ, ಬೆಲ್ಲ, ಲೋಟಗಟ್ಟಲೆ ಮಜ್ಜಿಗೆ. ಅನ್ನ ಕೇಳಿದ್ದಕ್ಕೆ ಖಿಚಡಿ ಬಂತು. ಪರವಾಗಿಲ್ಲ.

ಬೆಳಗ್ಗೆ ಏಳಕ್ಕೇ ಮತ್ತೆ ಹೋಗಿ, ಮಾನ್‌ಸರ್ ಕಡೆಯ ಒಡ್ಡುಗಳನ್ನು ನಿಧಾನವಾಗಿ ನೋಡಿದೆ. ವಾಪಸ್ ಬರುವಾಗ ಮುಂದಿನ ಸೀಟಲ್ಲಿ ನಾನೇ ಕೂತು ಖಾವ್ಡಾ ದಾರಿ ಹಿಡಿಸಿದೆ. ರಸ್ತೆ ಮೇಲೆ ಒಂದು ಹನಿ ನೀರಿರಲಿಲ್ಲ.