ಸ್ಟ್ರೈಡ್ ಬ್ಲೂಸ್ ಪಿಯಾನೊ ಆನ್‌ಲೈನ್ ಕೋರ್ಸ್: ಎರಡು ವರ್ಷಗಳ ಬಳಕೆಯ ನಂತರ

ಎಡಗೈಯನ್ನು ಪಳಗಿಸಬೇಕೆಂಬ ಆಸೆ ಇರುವವರು ಈ ವಿಡಿಯೊ ಕೋರ್ಸಿಗೆ ಧಾರಾಳವಾಗಿ ಸೇರಬಹುದು. ಅದು ಕೊಡುವ ಅಂಕಗಳನ್ನು ಮಾತ್ರ ನಂಬಬೇಡಿ. ಎರಡು ವರ್ಷ ದಿನವೂ ಅರ್ಧ ಗಂಟೆ ಇದರೊಂದಿಗೆ ಕೂತ ಮೇಲೆ ನನಗೆ ಅನ್ನಿಸಿರುವುದು ಇಷ್ಟು.

ಸ್ಟ್ರೈಡ್ ಎಂಬ ಜಾಝ್ ಪಿಯಾನೊ ಶೈಲಿಯಲ್ಲಿ ಎಡಗೈಗೆ ಬಿಡುವೇ ಇಲ್ಲ. ಪ್ರತಿ ಬಾರಿನ, ಅಂದರೆ ನಾಲ್ಕು ಎಣಿಕೆಗಳ ಗುಂಪಿನ, ಒಂದು ಮತ್ತು ಮೂರನೆಯ ಎಣಿಕೆಗೆ ಕಿರುಬೆರಳು ಮಂದ್ರದಲ್ಲಿ ಬೇಸ್ ಸ್ವರ ಒತ್ತಬೇಕು. ಎರಡು ಮತ್ತು ನಾಲ್ಕಕ್ಕೆ ಅದೇ ಕೈ ಪಿಯಾನೊದ ನಡುಭಾಗಕ್ಕೆ ಹಾರಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸಬೇಕು. ಕೋರ್ಸಿನ ಶಿಕ್ಷಕರು ಮೊದಲ ತಿಂಗಳು ಬಲಗೈಯನ್ನು ತೊಡೆಯ ಮೇಲೆಯೇ ಇಡಿಸುತ್ತಾರೆ. ಹನ್ನೆರಡು ಬಾರ್‌ಗಳ ಬ್ಲೂಸ್, ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ ಐವತ್ತು ಎಣಿಕೆಯಲ್ಲಿ, ಕಣ್ಣು ಮುಚ್ಚಿ. ಬೇಸ್ ಒತ್ತಿದ ಕೂಡಲೇ ಕೈ ಕಾರ್ಡಿನ ಜಾಗಕ್ಕೆ ಹೋಗಿ ಕೀಲಿಗಳನ್ನು ಬರೀ ಮುಟ್ಟಿ ನಿಲ್ಲಬೇಕು, ಒತ್ತಬಾರದು. ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದಲೇ ತಡವಿ ತಿಳಿದ ಮೇಲೆ ಮಾತ್ರ ಶಬ್ದ. ಮೂರನೆಯ ವಾರದಲ್ಲಿ ಒಂದು ದಿನ, ಎರಡು ಕಪ್ಪು ಕೀಲಿಗಳ ಗುಂಪು ಕೈಗೆ ತಗುಲಿದ್ದೇ ಪಕ್ಕದ ಸಿ ತಾನಾಗಿ ಸಿಕ್ಕಿತು. ಆ ಸಂತೋಷ ಇನ್ನೂ ಹಸಿಯಾಗಿದೆ.

ಕಾರ್ಡ್‌ಗಳ ಪಾಠ ಇದಕ್ಕಿಂತಲೂ ಚೆನ್ನಾಗಿದೆ. ಸಿ ಸೆವೆಂತ್ ಎಂಬ ಕಾರ್ಡಿಗೆ ಇ ಮತ್ತು ಬಿ ಫ್ಲ್ಯಾಟ್ (ಬಿ ಗಿಂತ ಅರ್ಧ ಸ್ವರ ಕೆಳಗಿನದು), ಎರಡೇ ಸ್ವರ ಸಾಕು. ಎಫ್ ಸೆವೆಂತ್ ಬಂದಾಗ ಎರಡೂ ಬೆರಳುಗಳನ್ನು ಅರ್ಧ ಸ್ವರ ಇಳಿಸಿದರೆ ಇ ಫ್ಲ್ಯಾಟ್ ಮತ್ತು ಎ. ಮೊದಲಿನ ಜಾಗದಿಂದ ಅರ್ಧ ಸ್ವರ ಏರಿಸಿದರೆ ಎಫ್ ಮತ್ತು ಬಿ, ಅಂದರೆ ಜಿ ಸೆವೆಂತ್. ಬ್ಲೂಸಿಗೆ ಬೇಕಾದ್ದು ಈ ಮೂರು ಕಾರ್ಡ್‌ಗಳೇ; ಇಡೀ ಬ್ಲೂಸ್ ಅಂಗೈ ಅಗಲದಲ್ಲಿ ಮುಗಿಯಿತು! ದೊಡ್ಡ ಕಾರ್ಡ್‌ಗಳನ್ನು ಬಾಯಿಪಾಠ ಮಾಡಿ ಸೋತಿದ್ದ ನನಗೆ ಈ ಒಂದು ಪಾಠಕ್ಕಾಗಿಯೇ ಕೊಟ್ಟ ಹಣ ಸಾರ್ಥಕವೆನಿಸಿತು.

ವಿಡಿಯೊವನ್ನು ಶ್ರುತಿ ಕೆಡದಂತೆ ಅರ್ಧ ವೇಗಕ್ಕೆ ಇಳಿಸಿ, ಎರಡೇ ಬಾರ್‌ಗಳನ್ನು ಮತ್ತೆ ಮತ್ತೆ ಕೇಳುವ ಸೌಲಭ್ಯವೂ ಇದೆ. ಈ ವಿದ್ಯೆ ಹರಡಿದ್ದೇ ಹೀಗೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸ್ಟ್ರೈಡ್ ಮೆರೆಯುತ್ತಿದ್ದಾಗ ಆ ಶೈಲಿಯ ಪಿಯಾನೊ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ವಾದನ, ತಾನಾಗಿ ನುಡಿಯುವ ಪಿಯಾನೊಗೆ ಹಾಕುವ ರಂಧ್ರಗಳುಳ್ಳ ಕಾಗದದ ಪಿಯಾನೊ ರೋಲ್‌ಗಳಲ್ಲಿ ಸಿಗುತ್ತಿತ್ತು. ಮುಂದೆ ಜಾಝ್ ಸಂಗೀತದ ದೊಡ್ಡ ಹೆಸರಾದ ಯುವಕ ಡ್ಯೂಕ್ ಎಲಿಂಗ್ಟನ್ ಅಂಥ ರೋಲನ್ನು ನಿಧಾನವಾಗಿ ಓಡಿಸಿ, ತಾವಾಗಿ ಕುಸಿಯುವ ಕೀಲಿಗಳನ್ನು ಬೆರಳುಗಳಿಂದ ಹಿಂಬಾಲಿಸಿ ಕಲಿತರು.

ಇನ್ನು ದೂರು. ನಾವು ನುಡಿಸಿದ್ದನ್ನು ಆಲಿಸಿ ಅಂಕ ಕೊಡುವ ತಂತ್ರಾಂಶಕ್ಕೆ ಸ್ವಿಂಗ್, ಅಂದರೆ ಎಣಿಕೆಯ ಎರಡು ಪಾಲುಗಳನ್ನು ಅಸಮವಾಗಿ ತೂಗಿಸುವ ನಡೆ, ಗೊತ್ತಿಲ್ಲ. ಎಣಿಕೆಯನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಮಾತ್ರ ಅದಕ್ಕೆ ಒಪ್ಪಿಗೆ. ಎರಡನೆಯ ಪಾಲು ತುಸು ಹಿಂದೆ ಬಿದ್ದರೆ 'ತಡ' ಎನ್ನುತ್ತದೆ. ಇ ಫ್ಲ್ಯಾಟ್‌ನಿಂದ ಇ ಸ್ವರಕ್ಕೆ ಒಂದೇ ಬೆರಳನ್ನು ಜಾರಿಸುವುದು ಬ್ಲೂಸಿನ ಜೀವ. ಅದನ್ನೂ ತಪ್ಪು ಸ್ವರವೆಂದು ಕೆಂಪಾಗಿ ತೋರಿಸುತ್ತದೆ. ಅಂಕದ ಆಸೆಗೆ ಎರಡು ತಿಂಗಳು ನೆಟ್ಟಗೆ, ಜೀವವಿಲ್ಲದೆ ನುಡಿಸಿದೆ. ಅದನ್ನು ಬಿಡಿಸಿಕೊಳ್ಳಲು ಮತ್ತೆರಡು ತಿಂಗಳು ಬೇಕಾಯಿತು. ಪತ್ರ ಬರೆದರೂ ತಿದ್ದಿಲ್ಲ.

ಇದಕ್ಕಿಂತ ಗಂಭೀರವಾದ ಕೊರತೆ ಟೆಂತ್‌ಗಳದ್ದು, ಅಂದರೆ ಅಷ್ಟು ದೂರದ ಎರಡು ಸ್ವರಗಳನ್ನು ಎಡಗೈಯಲ್ಲಿ ಒಟ್ಟಿಗೆ ಒತ್ತುವುದರದ್ದು. ಸಿ ಯಿಂದ ಮೇಲಿನ ಸಪ್ತಕದ ಇ ವರೆಗೆ ಹತ್ತು ಬಿಳಿ ಕೀಲಿಗಳು, ಸುಮಾರು 23 ಸೆಂಟಿಮೀಟರ್. ಸ್ಟ್ರೈಡ್ ವಾದಕ ಫ್ಯಾಟ್ಸ್ ವಾಲರ್ ಅವರ ದೊಡ್ಡ ಕೈಗೆ ಅದು ಲೀಲೆ. ನಾನು ಎಳೆದು ಎಳೆದು ಮಣಿಕಟ್ಟು ನೋಯಿಸಿಕೊಂಡು ಮೂರು ವಾರ ಪಿಯಾನೊ ಮುಟ್ಟಲಿಲ್ಲ. ಕೆಳಗಿನ ಸ್ವರವನ್ನು ಎಣಿಕೆಗೆ ಕೂದಲೆಳೆಯಷ್ಟು ಮೊದಲೇ ಒತ್ತಿ, ಪೆಡಲ್‌ನಲ್ಲಿ ಹಿಡಿದು, ಮೇಲಿನದನ್ನು ಆಮೇಲೆ ಮುಟ್ಟಬಹುದು. ಒಂಟಿ ಬೇಸ್ ಸ್ವರವೂ ನಡೆಯುತ್ತದೆ. ಈ ಮಾತು ಮೊದಲ ಪಾಠದಲ್ಲೇ ಬರಬೇಕಿತ್ತು. ಬರುವುದು ಒಂಬತ್ತನೆಯ ಅಧ್ಯಾಯದಲ್ಲಿ, ಅದೂ ಒಂದೇ ವಾಕ್ಯದಲ್ಲಿ. ಸಣ್ಣ ಕೈಯವರು ದಯವಿಟ್ಟು ಗಮನಿಸಿ.

61 ಕೀಲಿಗಳ ಕೀಬೋರ್ಡಿನಲ್ಲಿ ಎಡಗೈಗೆ ಜಾಗ ಸಾಲದು, 88 ಇರಲಿ.

ಮೂರನೆಯ ವರ್ಷಕ್ಕೂ ಚಂದಾ ಕಟ್ಟಿದ್ದೇನೆ, ಕೊನೆಯ ಅಧ್ಯಾಯಕ್ಕಾಗಿ. ಅಲ್ಲಿ ಎಡಗೈ ಬೇಸ್-ಬೇಸ್-ಕಾರ್ಡ್, ಬೇಸ್-ಬೇಸ್-ಕಾರ್ಡ್, ಬೇಸ್-ಕಾರ್ಡ್ ಎಂದು ಎಂಟು ಎಣಿಕೆಗಳನ್ನು ಮೂರು, ಮೂರು, ಎರಡಾಗಿ ಒಡೆಯುತ್ತದೆ; ಬಲಗೈ ಮಾತ್ರ ತನ್ನ ನಾಲ್ಕರಲ್ಲೇ ಇರಬೇಕು. ಎಪ್ಪತ್ತರ ವೇಗದಲ್ಲಿ ನಿಲ್ಲುತ್ತಿದೆ. ತೊಂಬತ್ತಕ್ಕೆ ಹೋದರೆ ಹತ್ತನೆಯ ಬಾರಿನಲ್ಲಿ ಇನ್ನೂ ಕೈ ತಪ್ಪುತ್ತದೆ.