ಬಾಂಗ್ಲಾದೇಶದ ಹುಡುಗಿಯರ ಸ್ಟೈಪೆಂಡ್: ಯೋಜನೆ ಗಟ್ಟಿ, ದುಡ್ಡು ಪುಡಿಗಾಸು

ಈ ಯೋಜನೆಗೆ ಐದಕ್ಕೆ ಮೂರೂವರೆ ಅಂಕ ಕೊಡಬಹುದು. 1982ರಲ್ಲಿ ಚಾಂದ್‌ಪುರ ಜಿಲ್ಲೆಯ ಶಾಹರಾಸ್ತಿಯಲ್ಲಿ ಪ್ರಯೋಗವಾಗಿ ಶುರುವಾಗಿ, 1994ರಲ್ಲಿ ಬಾಂಗ್ಲಾದೇಶದ ಹಳ್ಳಿಗಾಡಿಗೆಲ್ಲ ಹಬ್ಬಿದ ಯೋಜನೆ ಇದು. ಆರರಿಂದ ಹತ್ತನೇ ತರಗತಿಯ ಹುಡುಗಿಯರಿಗೆ ಸ್ಟೈಪೆಂಡ್ (ವಿದ್ಯಾರ್ಥಿವೇತನ) ಸಿಗುತ್ತಿತ್ತು, ಬೋಧನಾ ಶುಲ್ಕ ಸರ್ಕಾರದಿಂದ ನೇರ ಶಾಲೆಗೆ ಹೋಗುತ್ತಿತ್ತು. ಷರತ್ತು ಮೂರಿದ್ದವು: ಶೇ. 75 ಹಾಜರಿ, ಪರೀಕ್ಷೆಯಲ್ಲಿ ಶೇ. 45 ಅಂಕ, ಓದು ಮುಗಿಯುವ ತನಕ ಮದುವೆ ಮಾಡುವುದಿಲ್ಲ ಎಂದು ಮನೆಯವರ ಮುಚ್ಚಳಿಕೆ.

ಎಲ್ಲಕ್ಕಿಂತ ಮೆಚ್ಚುವಂಥದ್ದು ಖಾತೆಯ ವಿಷಯ. ಪಾಸ್‌ಬುಕ್ಕಿನ ಮೇಲೆ ಹುಡುಗಿಯದೇ ಹೆಸರಿತ್ತು, ಹಣ ಬಿಡಿಸಲು ಅವಳದೇ ಸಹಿ ಬೇಕಿತ್ತು. ಹದಿಮೂರರ ಹುಡುಗಿಗೆ ಬ್ಯಾಂಕಿನ ವ್ಯವಹಾರ ಗೊತ್ತಾಗುವುದು ಸಣ್ಣ ಮಾತಲ್ಲ.

ಮೊತ್ತ ಮಾತ್ರ ನಗು ಬರಿಸುತ್ತದೆ. ಆರಂಭದಲ್ಲಿ ಆರನೇ ತರಗತಿಗೆ ತಿಂಗಳಿಗೆ 25 ಟಾಕಾ (ಬಾಂಗ್ಲಾದೇಶದ ಹಣ), ಹತ್ತನೆಯದಕ್ಕೆ 60. ಅಂದರೆ ವರ್ಷಕ್ಕೆ 300ರಿಂದ 720. ಬೆಲೆ ಏರಿದಂತೆ ಇದು ತಾನಾಗಿ ಏರುವ ವ್ಯವಸ್ಥೆಯೇ ಇರಲಿಲ್ಲ. ಸಾಲದ್ದಕ್ಕೆ ಹಣ ಆರು ತಿಂಗಳಿಗೊಮ್ಮೆ, ಹಾಜರಿ ಲೆಕ್ಕ ಮುಗಿದ ಮೇಲೆ. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ಸಮವಸ್ತ್ರ, ನೋಟ್‌ಬುಕ್ಕಿನ ಖರ್ಚು ಬೀಳುವುದೂ ಆಗಲೇ.

ಶೇ. 45ರ ಷರತ್ತು ಹಾಕಿದವರು ಮನೆಪಾಠಕ್ಕೆ ದುಡ್ಡಿಲ್ಲದ ಮನೆಗಳನ್ನು ಮರೆತಿದ್ದಾರೆ. 44 ಬಂದರೆ ನಿಲ್ಲುವುದು ಅತಿ ಬಡವಳ ಹಣವೇ. ಹಾಜರಿ ಪುಸ್ತಕ ಶಾಲೆಯ ಕೈಯಲ್ಲಿತ್ತು, ಶುಲ್ಕ ಬರುತ್ತಿದ್ದುದೂ ಹುಡುಗಿಯರ ತಲೆ ಎಣಿಸಿಯೇ. ಬಾರದವಳ ಹೆಸರಿನ ಮುಂದೆ 'ಹಾಜರ್' ಬೀಳಲು ಇಷ್ಟು ಸಾಕು. ಹೊರಗಿನವರು ಹೇಳದೆ ಕೇಳದೆ ಬಂದು ತಲೆ ಎಣಿಸದಿದ್ದರೆ ಈ ಷರತ್ತಿಗೆ ಬೆಲೆಯಿಲ್ಲ.

ಫಲ? ಪ್ರೌಢಶಾಲೆಯಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ದಾಟಿತು. ಸ್ಟೈಪೆಂಡ್ ಒಂದರಿಂದಲೇ ಎನ್ನುವುದು ಉತ್ಪ್ರೇಕ್ಷೆ. ಅದೇ ಕಾಲಕ್ಕೆ ಗಾರ್ಮೆಂಟ್ ಕಾರ್ಖಾನೆಗಳೂ ಬೆಳೆದವು, ಓದಿದ ಹುಡುಗಿಗೆ ಕೆಲಸ ಕಣ್ಣೆದುರಿಗೇ ಇತ್ತು. ಬಾಲ್ಯವಿವಾಹವಂತೂ ಇನ್ನೂ ಹೆಚ್ಚೇ ಇದೆ, ಮುಚ್ಚಳಿಕೆ ಕಾಗದದಲ್ಲೇ ಉಳಿದ ಮನೆಗಳು ಬಹಳ.

ಶಾಲೆ ದೂರವಿರುವ ಕಡೆ ಇಂಥ ಹಣಕ್ಕಿಂತ ಸೈಕಲ್ಲೇ ವಾಸಿ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಾಗ ಹೆಚ್ಚು ಲಾಭವಾದದ್ದು ಶಾಲೆಯಿಂದ ಮೂರು ಕಿಲೋಮೀಟರ್‌ಗೂ ಆಚೆಯ ಊರುಗಳಿಗೆ.

ಈಗ ಬೇರೆ ದೇಶದವರು ಇದನ್ನೇ ಮೊಬೈಲ್ ಪಾವತಿಯಲ್ಲಿ ಮಾಡಹೊರಟರೆ ಮೊದಲು ನೋಡಬೇಕಾದ್ದು ಸಿಮ್ ಯಾರ ಜೇಬಿನಲ್ಲಿದೆ ಎನ್ನುವುದನ್ನು.