ಡೋಲೊಮೈಟ್ಸ್‌ಗೆ ಮನೆಮಂದಿಯೆಲ್ಲ ಹೊರಟರೆ: ಯಾವುದು ವಾಸಿ, ಯಾವುದು ಬೇಡ

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಮ್ಯೂನಿಕ್‌ಗೆ ಬಂದರೆ ಇಟಲಿಯ ಡೋಲೊಮೈಟ್ಸ್ ಬೆಟ್ಟಗಳು ತೀರ ದೂರವೇನಲ್ಲ. ಬ್ರೆನ್ನರ್ ಪಾಸ್ ದಾಟಿ ಹೋದರೆ, ಟ್ರಾಫಿಕ್ ಇಲ್ಲದ ದಿನ, ಸುಮಾರು ನಾಲ್ಕು ಗಂಟೆಯಲ್ಲಿ ಬೋಲ್ಜಾನೊ ಬರುತ್ತದೆ. ತೊಂದರೆ ಏನಂದ್ರೆ, ನೆಟ್‌ನಲ್ಲಿ ಸಿಗುವ ಪಟ್ಟಿಗಳೆಲ್ಲ ಗಟ್ಟಿ ಕಾಲಿನ ಜೋಡಿಗಳಿಗೆ ಬರೆದವು. ಮಂಡಿನೋವಿನ ಅಮ್ಮ, ಐದು ವರ್ಷದ ಮಗಳು, ಒಂದು ಕಡೆ ನಿಲ್ಲದ ಹತ್ತು ವರ್ಷದ ಮಗ ಒಟ್ಟಿಗೆ ಹೊರಟರೆ ಲೆಕ್ಕವೇ ಬೇರೆ. ನಾನು ನೋಡುವುದು ಒಂದೇ: ಮೇಲೆ ಹತ್ತಿದ ಮೇಲೆ ಎಲ್ಲರಿಗೂ ಏನಾದರೂ ಮಾಡೋಕೆ ಇರಬೇಕು, ಸಾಕು ಅಂದವರು ಅಲ್ಲೇ ಕೂರುವಂತಿರಬೇಕು.

ಮೊದಲು ಸೆಚೆಡಾ ಮತ್ತು ಆಲ್ಪೆ ದಿ ಸಿಯೂಸಿ. ಎರಡಕ್ಕೂ ಓರ್ಟಿಸೇಯಿ ಊರಿನಿಂದಲೇ ಕೇಬಲ್ ಕಾರ್ ಇದೆ, ಕಣಿವೆಯ ಆ ಕಡೆ ಒಂದು, ಈ ಕಡೆ ಒಂದು. ಹಾಗಾಗಿ ಬಂದವರೆಲ್ಲ ಕೇಳುವ ಪ್ರಶ್ನೆಯೇ ಇದು. ಸೆಚೆಡಾ ಫೋಟೋ ನೀವು ನೋಡಿರುತ್ತೀರಿ: ಒಂದು ಕಡೆ ಇಳಿಜಾರು ಹುಲ್ಲುಗಾವಲು, ಇನ್ನೊಂದು ಕಡೆ ಕಡಿದು ಹಾಕಿದಂಥ ಪ್ರಪಾತ. ಸುಮಾರು 2500 ಮೀಟರ್ ಎತ್ತರ. ನೋಟದ ವಿಷಯದಲ್ಲಿ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ಮೇಲಿನ ನಿಲ್ದಾಣದಿಂದ ಆ ಅಂಚಿಗೆ ಏರುದಾರಿ, ಅಮ್ಮನಿಗೆ ಅಷ್ಟಕ್ಕೇ ಏದುಸಿರು ಬಂತು. ಗಾಳಿ ಬೇರೆ. ಮಗಳ ಕೈ ಒಂದು ನಿಮಿಷವೂ ಬಿಡೋಹಾಗಿಲ್ಲ. ಫೋಟೋ ತೆಗೆದಾದ ಮೇಲೆ ನಡೆಯುವವರಿಗೆ ಬೇಕಾದಷ್ಟು ದಾರಿ ಉಂಟು, ನಡೆಯಲಾರದವರಿಗೆ ಹೆಚ್ಚೇನಿಲ್ಲ.

ಆಲ್ಪೆ ದಿ ಸಿಯೂಸಿ ಹಾಗಲ್ಲ. ಯುರೋಪಿನಲ್ಲೇ ಎಲ್ಲಕ್ಕಿಂತ ದೊಡ್ಡ ಎತ್ತರದ ಹುಲ್ಲುಗಾವಲು ಅದು, ಸುಮಾರು 56 ಚದರ ಕಿಲೋಮೀಟರ್. ಹಗಲಲ್ಲಿ ಹೊರಗಿನವರ ಕಾರುಗಳನ್ನು ಮೇಲೆ ಬಿಡುವುದಿಲ್ಲ, ಹಾಗಾಗಿ ಮಕ್ಕಳನ್ನು ಧೈರ್ಯವಾಗಿ ಬಿಡಬಹುದು. ಕುತ್ತಿಗೆಗೆ ದೊಡ್ಡ ಗಂಟೆ ಕಟ್ಟಿಕೊಂಡ ಹಸುಗಳು ದಾರಿ ಪಕ್ಕದಲ್ಲೇ ಮೇಯುತ್ತಿರುತ್ತವೆ. ಅಪ್ಪ ಒಂದು ಹಸು ಮುಂದೆ ನಿಂತು, ಅದರ ಕೆಚ್ಚಲು ನೋಡಿ, ಇದು ದಿನಕ್ಕೆ ಎಷ್ಟು ಲೀಟರ್ ಕೊಡಬಹುದು ಅಂತ ಲೆಕ್ಕ ಹಾಕಿದರು. ಪ್ರವಾಸದಲ್ಲಿ ಅವರು ಅಷ್ಟು ಖುಷಿಯಾಗಿ ಮಾತಾಡಿದ್ದು ಅಲ್ಲೇ. ತಳ್ಳುಗಾಡಿ ಹೋಗುವಂಥ ಅಗಲವಾದ ದಾರಿಗಳಿವೆ, ಸುಸ್ತಾದರೆ ಕುದುರೆಗಾಡಿ ಇದೆ, ಅಲ್ಲಲ್ಲಿ ಊಟ ಕಾಫಿ ಸಿಗುವ ಮರದ ಮನೆಗಳಿವೆ, ಕೆಲವು ಕಡೆ ಪಕ್ಕದಲ್ಲೇ ಮಕ್ಕಳಿಗೆ ಜಾರುಬಂಡೆ, ಉಯ್ಯಾಲೆ. ಎದುರಿಗೆ ಸಾಸ್ಸೊಲುಂಗೊ ಶಿಖರ. ಕುಟುಂಬಕ್ಕೆ ಒಂದನ್ನೇ ಆರಿಸಬೇಕಾದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಸೆಚೆಡಾ ನೋಡಲೇಬೇಕು ಅನ್ನುವವರು ಮರುದಿನ ಬೆಳಿಗ್ಗೆ ಬೇಗ ಹೋಗಿ ಬರಲಿ, ಉಳಿದವರು ಓರ್ಟಿಸೇಯಿಯಲ್ಲಿ ಮರದ ಕೆತ್ತನೆಯ ಅಂಗಡಿಗಳನ್ನು ಸುತ್ತಬಹುದು. ಆ ಊರು ಕೆತ್ತನೆಗೇ ಹೆಸರುವಾಸಿ.

ಇಡೀ ದಿನದ ಕಾರ್ಯಕ್ರಮಕ್ಕೆ ತ್ರೆ ಚೀಮೆ ದಿ ಲಾವರೆದೊ ಒಂದು ಕಡೆ, ಸಾನ್ ಕಾಂದಿದೊದಿಂದ ಆಸ್ಟ್ರಿಯಾದ ಲೀನ್ಜ್‌ವರೆಗೆ ಸೈಕಲ್ ಇನ್ನೊಂದು ಕಡೆ. ತ್ರೆ ಚೀಮೆ ಅಂದರೆ ಆ ಮೂರು ಕಲ್ಲಿನ ಕಂಬಗಳು, ನಡುವಿನದು 2999 ಮೀಟರ್. ಸುತ್ತ ನಡೆದರೆ ಹತ್ತು ಕಿಲೋಮೀಟರ್. ಔರೊಂಜೊ ರಿಫ್ಯೂಜಿಯೊವರೆಗೆ (ಅಂದರೆ ಬೆಟ್ಟದ ಮೇಲಿನ ತಂಗುಮನೆ) ಟೋಲ್ ರಸ್ತೆ ಇದೆ, ಟೋಲ್ ದುಬಾರಿ. ಅಲ್ಲಿಂದ ಲಾವರೆದೊ ರಿಫ್ಯೂಜಿಯೊವರೆಗೆ ಹೆಚ್ಚುಕಡಿಮೆ ಸಮತಟ್ಟಾದ ಜಲ್ಲಿದಾರಿ, ಅಮ್ಮ ನಿಧಾನಕ್ಕೆ ನಡೆದೇ ಬಂದರು. ಆದರೆ ಫೋಟೋಗಳಲ್ಲಿ ಕಾಣುವ ಆ ನೆಟ್ಟಗಿನ ಗೋಡೆಗಳು ಇರುವುದು ಉತ್ತರಕ್ಕೆ. ಅವು ಕಾಣಬೇಕಾದರೆ ಅಲ್ಲಿಂದ ಇನ್ನೂ ಏರಿ ಕಣಿವೆಬಾಯಿಗೆ ಹೋಗಬೇಕು. ಅಷ್ಟು ದೂರ ಬಂದು, ಟೋಲ್ ಕೊಟ್ಟು, ಮನೆಯ ಅರ್ಧ ಜನ ಮುಖ್ಯವಾದದ್ದನ್ನೇ ನೋಡದೆ ಕೂರುವುದು ನನಗೆ ಸರಿಬರಲಿಲ್ಲ.

ಸೈಕಲ್ ದಾರಿ ಸುಮಾರು 44 ಕಿಲೋಮೀಟರ್. ಕೇಳಿದ ತಕ್ಷಣ ಎದೆ ಝಲ್ ಅನ್ನುತ್ತೆ, ಅಲ್ವಾ? ಹೆದರಬೇಡಿ, ಡ್ರಾವಾ ನದಿ ಜೊತೆಗೆ ಒಟ್ಟು ಐನೂರು ಮೀಟರ್ ಇಳಿಜಾರು, ಜಾಸ್ತಿ ಹೊತ್ತು ಪೆಡಲ್ ತುಳಿಯುವ ಕೆಲಸವೇ ಇಲ್ಲ. ಸಾನ್ ಕಾಂದಿದೊದಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತದೆ, ಚಿಕ್ಕವರನ್ನು ಕೂರಿಸಿ ಎಳೆಯುವ ಗಾಡಿಯೂ ಸಿಗುತ್ತದೆ. ದಾರಿಯಲ್ಲಿ ಹೈನ್‌ಫೆಲ್ಸ್ ಹತ್ತಿರ ಲೋಆಕರ್ ವೇಫರ್ ಕಾರ್ಖಾನೆ, ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತಲ್ಲ, ಅದೇ ವೇಫರ್. ಅಲ್ಲಿ ಅಂಗಡಿ, ಕಾಫಿ ಎರಡೂ ಇವೆ, ಮಗ ಅಲ್ಲಿಂದ ಹೊರಡೋಕೆ ಒಪ್ಪಲೇ ಇಲ್ಲ. ಅಜ್ಜ ಅಜ್ಜಿ ರೈಲಿನಲ್ಲಿ ಲೀನ್ಜ್‌ಗೆ ಬಂದು ನಮ್ಮನ್ನು ಸೇರಿಕೊಂಡರು, ವಾಪಸ್ಸು ಎಲ್ಲರೂ ಒಂದೇ ರೈಲು. ಮಧ್ಯಾಹ್ನದ ರೈಲುಗಳು ಸೈಕಲ್ ಸವಾರರಿಂದ ಕಿಕ್ಕಿರಿದಿರುತ್ತವೆ, ಅದೊಂದು ಗಮನದಲ್ಲಿಡಿ. ಹತ್ತು ವರ್ಷದ ಆಸುಪಾಸಿನ ಮಕ್ಕಳಿದ್ದರೆ ಸೈಕಲ್ಲೇ ಮೇಲು.

ಕೆರೆಗಳಲ್ಲಿ ಬ್ರಾಯೆಸ್ ಮತ್ತು ಕರೆತ್ಸಾ. ಕರೆತ್ಸಾ ಚಿಕ್ಕದು, ಬಣ್ಣ ಬೆರಗು ಹುಟ್ಟಿಸುತ್ತದೆ, ಆದರೆ ಬೇಲಿಯಾಚೆಯಿಂದ ನೋಡಬೇಕಷ್ಟೇ, ಅರ್ಧ ಗಂಟೆಯಲ್ಲಿ ಮುಗಿಯಿತು. ಸುತ್ತಲಿನ ಕಾಡಿನ ಎಷ್ಟೋ ಮರಗಳು 2018ರ ಅಕ್ಟೋಬರ್‌ನ ವಾಯಾ ಬಿರುಗಾಳಿಗೆ ಮಲಗಿಬಿಟ್ಟವು, ಬೋಳು ಇಳಿಜಾರುಗಳನ್ನು ನೋಡಿ ಹೊಟ್ಟೆ ಚುರುಕ್ ಅಂತು. ಬ್ರಾಯೆಸ್‌ನಲ್ಲಿ ಮರದ ದೋಣಿ ಬಾಡಿಗೆಗೆ ಸಿಗುತ್ತದೆ, ಮಕ್ಕಳು ನೀರಿಗೆ ಕಲ್ಲು ಎಸೆಯಬಹುದು, ಪಶ್ಚಿಮದ ದಡದಲ್ಲಿ ದಾರಿ ಸಮತಟ್ಟು. ಜನಜಂಗುಳಿ ಮಾತ್ರ ವಿಪರೀತ. ಬೇಸಿಗೆಯ ನಡುವಿನ ತಿಂಗಳುಗಳಲ್ಲಿ ಹಗಲು ಹೊತ್ತು ಮುಂಗಡ ಬುಕಿಂಗ್ ಇಲ್ಲದೆ ಕಾರು ಬಿಡುವುದಿಲ್ಲ. ಬೆಳಿಗ್ಗೆ ಎಂಟಕ್ಕೇ ತಲುಪುವುದಾದರೆ ಬ್ರಾಯೆಸ್, ಇಲ್ಲದಿದ್ದರೆ ಎರಡೂ ಬೇಡ.

ಮಳೆ ಬಂದ ದಿನಕ್ಕೆ ಬೋಲ್ಜಾನೊ. ಅಲ್ಲೂ ಎರಡು ಆಯ್ಕೆ. ಹೆಸರಾಂತ ಪರ್ವತಾರೋಹಿ ರೀನ್‌ಹೋಲ್ಡ್ ಮೆಸ್ನರ್ ಅವರ ಫಿರ್ಮಿಯಾನ್ ಮ್ಯೂಸಿಯಂ ಹಳೇ ಕೋಟೆಯೊಳಗಿದೆ. ಬೆಟ್ಟ ಹತ್ತುವ ಹುಚ್ಚಿರುವವರಿಗೆ ಚಿನ್ನದಂಥ ಜಾಗ, ಆದರೆ ಮೆಟ್ಟಿಲೋ ಮೆಟ್ಟಿಲು, ಅರ್ಧ ಸುತ್ತಾಟ ಬಯಲಲ್ಲೇ. ಮಳೆಗೂ ಮಂಡಿಗೂ ಆಗಿಬರುವುದಿಲ್ಲ. ಎಟ್ಸಿ ಎಂಬ ಪ್ರಾಚೀನ ಮನುಷ್ಯನ ದೇಹ ಇರುವ ಪುರಾತತ್ವ ಮ್ಯೂಸಿಯಂಗೆ ಹೋಗಿ. 1991ರಲ್ಲಿ ಹಿಮನದಿಯ ಅಂಚಿನಲ್ಲಿ, 3210 ಮೀಟರ್ ಎತ್ತರದಲ್ಲಿ, ಚಾರಣಕ್ಕೆ ಹೋದ ಜರ್ಮನ್ ದಂಪತಿಗೆ ಸಿಕ್ಕ ದೇಹ ಅದು. ಸುಮಾರು 5300 ವರ್ಷ ಹಳೆಯದು. ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದಾರೆ, ಒಂದು ಚಿಕ್ಕ ಕಿಟಕಿಯಿಂದ ಒಬ್ಬೊಬ್ಬರೇ ನೋಡಬೇಕು. ಮೈಮೇಲೆ ತೆಳ್ಳನೆ ಹಿಮದ ಪೊರೆ ಹೊಳೆಯುತ್ತಿತ್ತು. ಮಗಳು ಹೆದರುತ್ತಾಳೇನೋ ಅಂದುಕೊಂಡಿದ್ದೆವು, ಅವಳು ಕಾಲ್ತುದಿಯಲ್ಲಿ ನಿಂತು ನೋಡಿ, "ಅಜ್ಜಿ, ಇವರಿಗೆ ಚಳಿ ಆಗಲ್ವಾ?" ಅಂದಳು. ಅಮ್ಮ ಅವನ ಪಾದರಕ್ಷೆ ಮುಂದೆ ತುಂಬಾ ಹೊತ್ತು ನಿಂತರು: ಹೊರಗೆ ಚರ್ಮ, ಒಳಗೆ ನಾರಿನ ಬಲೆ, ಬೆಚ್ಚಗಿರಲೆಂದು ತುಂಬಿದ ಒಣಹುಲ್ಲು. ಎಡಭುಜದಲ್ಲಿ ಬಾಣದ ಮೊನೆ ಇದೆ ಅಂತ ಗೊತ್ತಾಗಿದ್ದು 2001ರಲ್ಲಿ, ಎಕ್ಸ್‌ರೇಯಿಂದ. ಅವನನ್ನು ಕೊಂದಿದ್ದಾರೆ ಅಂತ ತಿಳಿದ ಮೇಲೆ ಮಗನ ಪ್ರಶ್ನೆಗಳು ರಾತ್ರಿ ಊಟದವರೆಗೂ ನಿಲ್ಲಲಿಲ್ಲ. ಟಿಕೆಟ್ ಮೊದಲೇ ತೆಗೆದಿಡಿ. ಮಳೆ ಬಂದರೆ ಇಡೀ ಜಿಲ್ಲೆಯೇ ಅಲ್ಲಿರುತ್ತದೆ.

ಉಳಿಯುವುದಕ್ಕೆ ಹೋಟೆಲಾ, ಅಡುಗೆಮನೆ ಇರುವ ರೈತರ ಮನೆಯಾ? ಸಸ್ಯಾಹಾರಿಗಳಾದರೆ ಎರಡನೆಯದು, ಅನುಮಾನವೇ ಬೇಡ. ಬ್ರೆಡ್ಡಿನ ಉಂಡೆಗಳು, ಅಂದರೆ ಕನೆದೆರ್ಲಿ, ಮಾಮೂಲಿಯಾಗಿ ಸ್ಪೆಕ್ ಎಂಬ ಹಂದಿಮಾಂಸ ಹಾಕಿದವು. ಪಾಲಕ್ ಹಾಕಿದ್ದು ಕೇಳಿ ತರಿಸಿಕೊಳ್ಳಿ, ರುಚಿ ಚೆನ್ನಾಗಿದೆ, ಮೊಟ್ಟೆ ಇರುತ್ತದೆ. ಮೇಲೆ ಉದುರಿಸುವ ಪಾರ್ಮೆಸಾನ್‌ನಲ್ಲಿ ಹಾಲು ಒಡೆಯಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುವುದರಿಂದ ಅಮ್ಮನಂಥ ಮಡಿವಂತರಿಗೆ ಅದೂ ಬೇಡ. ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆ ಚಪಾತಿ, ಪುಳಿಯೋಗರೆ ಡಬ್ಬಿಗೆ ಹೋಗುತ್ತಿತ್ತು, ಮಧ್ಯಾಹ್ನದ ಊಟದ ಚಿಂತೆಯೇ ಇರಲಿಲ್ಲ.

ಮನೆ ಬುಕ್ ಮಾಡುವಾಗ ಸೌತ್ ಟಿರೋಲ್ (ಬೋಲ್ಜಾನೊ ಇರುವ ಜಿಲ್ಲೆ) ಗೆಸ್ಟ್ ಪಾಸ್ ಕೊಡುತ್ತೀರಾ ಅಂತ ಕೇಳಿ. ಆ ಪಾಸ್‌ನಲ್ಲಿ ಜಿಲ್ಲೆಯ ಬಸ್ಸು, ಸ್ಥಳೀಯ ರೈಲು ಪುಕ್ಕಟೆ. ಬೋಲ್ಜಾನೊದಿಂದ ರೆನೋನ್‌ಗೆ ಏರುವ ಕೇಬಲ್ ಕಾರ್, ಮೇಲೆ 1907ರಿಂದ ಓಡುತ್ತಿರುವ ಪುಟ್ಟ ರೈಲು ಕೂಡ ಅದರಲ್ಲೇ ಸೇರಿವೆ. ಊರಿಗೆ ಹೊರಡುವ ಹಿಂದಿನ ಮಧ್ಯಾಹ್ನ ಖಾಲಿ ಇದ್ದರೆ ಅದರಲ್ಲಿ ಕೂರಿಸಿಬಿಡಿ, ಯಾರೂ ನಡೆಯಬೇಕಾಗಿಲ್ಲ.